ಇಪ್ಪತ್ತರ ಗೆರೆ

ನಾಳೆ ಹತ್ತಕ್ಕೆ ಪ್ರಾಕ್ಟಿಕಲ್.
ವಿಜಯಪುರದ ಸೋಲಾಪುರ ರಸ್ತೆ, ಹಾಸ್ಟೆಲಿನ ಮೂರನೇ ಕೋಣೆ,
ನನ್ನ ರೋಗಿ ಒಂದು ಲಿಂಬೆಹಣ್ಣು.
ಕಿತ್ತಳೆಯ ಮೇಲೆ ಕಲಿಯಬೇಕು, ಪುಸ್ತಕದಲ್ಲಿ ಹಾಗಿದೆ.
ಇಂಡಿಯಿಂದ ಅವ್ವ ಕಳಿಸಿದ್ದು ಇದು, ಒಂದು ಚೀಲ, ಪುಕ್ಕಟೆ.
ಚುಚ್ಚಿದಾಗೊಮ್ಮೆ ಕೋಣೆ ತುಂಬ ಹುಳಿ ವಾಸನೆ.
ಮೆಹಜಬೀನ್ ಕಾಟಿನ ಮೇಲಿಂದಲೇ ನಗುತ್ತಾಳೆ:
"ನಿನ್ನ ಪೇಶಂಟಿಗೆ ಸ್ವಲ್ಪ ಉಪ್ಪು ಹಚ್ಚೂಣೇನ, ದಾನಮ್ಮ?"

ಐದು ಬೆರಳಿಗೆ ಐದು ಸರಿ:
ರೋಗಿ ಸರಿ, ಔಷಧಿ ಸರಿ, ಪ್ರಮಾಣ ಸರಿ,
ಮಾರ್ಗ ಸರಿ, ವೇಳೆ ಸರಿ.
ಹಂಚಿನಾಳ ಮೇಡಂ ಉಂಗುರದ ಬೆರಳು ಹಿಡಿದು ಕೇಳಿದಾಗ
ಕಿರುಬೆರಳಿನ ಉತ್ತರ ಕೊಟ್ಟರೆ ಮುಗಿಯಿತು.
ಮಿಲಿಗ್ರಾಂ ಬೇರೆ, ಮಿಲಿಲೀಟರ್ ಬೇರೆ.
"ಜ್ವಾಳದ ತೂಕ ಬ್ಯಾರೆ, ಅಳಿಯೂ ಸೇರು ಬ್ಯಾರೆ, ತಿಳೀತಿಲ್ಲ?"
ಚುಕ್ಕಿಯೊಂದು ಅಳಿಸಿತೋ, ಅರ್ಧವೇ ಐದು.
ಬೇಕಾದದ್ದನ್ನು ಇದ್ದದ್ದರಿಂದ ಭಾಗಿಸು.
ಅವ್ವ ತಿಂಗಳ ಕೊನೆಗೆ ಹಿಟ್ಟಿನ ಡಬ್ಬಿ ಮುಂದೆ ಕುಳಿತು
ಇದನ್ನೇ ಮಾಡುತ್ತಾಳೆ, ಸೂತ್ರವಿಲ್ಲದೆ.

ಹನ್ನೊಂದೂವರೆಗೆ ಹದಿನೇಳನೇ ಲೆಕ್ಕ.
ಮಿಲಿಗೆ ನಲವತ್ತು ಯೂನಿಟ್ಟಿನ ಇನ್ಸುಲಿನ್,
ಮಿಲಿಗೆ ನೂರು ಗೆರೆ ಇರುವ ಸಿರಿಂಜು,
ಇಪ್ಪತ್ತರ ಗೆರೆವರೆಗೆ ಎಳೆದರೆ ಒಳಗೆ ಹೋದದ್ದು ಎಷ್ಟು?
ಎಂಟು.
ಅಳಿಸಿ ಮತ್ತೆ ಮಾಡಿದೆ.
ಎಂಟು.

ಅಪ್ಪನಿಗೆ ಬರೆದುಕೊಟ್ಟದ್ದು ಇಪ್ಪತ್ತು.

ದೀಪಾವಳಿಯಲ್ಲಿ ಕಂಡಿದ್ದೆ, ದೇವರ ಮಾಡದ ಪಕ್ಕ,
ಸಿರಿಂಜಿನ ಕಿತ್ತಳೆ ಬಣ್ಣದ ಟೊಪ್ಪಿಗೆ.
ಕೆಂಪು ಇರಬೇಕಿತ್ತು.
ಕಂಡೆ, ನೋಡಲಿಲ್ಲ.
ಯುಗಾದಿಯಿಂದ ಮಾಯದ ಹೆಬ್ಬೆರಳಿನ ಗಾಯ,
"ಕದ್ದು ಬೆಲ್ಲ ತಿಂತಾನ ನಿಮ್ಮಪ್ಪ" ಎಂದು ಅವ್ವ,
ಡಬ್ಬಿ ಮುಟ್ಟಿಲ್ಲವೆಂದು ಅಪ್ಪನ ಆಣೆ.
ಬೈದವರಲ್ಲಿ ನಾನೂ ಒಬ್ಬಳು,
ಎರಡನೇ ವರ್ಷದ ನರ್ಸಮ್ಮ.

ಫೋನು ಹಚ್ಚಿದೆ.
"ಅಪ್ಪಾ, ಬಾಟ್ಲಿ ಮ್ಯಾಲ ಏನ ಬರದೈತಿ ಓದು."
ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ಚಿಲ್ಲರೆ ಎಣಿಸಿದವನು,
ಒಂದು ರೂಪಾಯಿ ತಾಳೆಯಾಗದಿದ್ದರೆ ಮಲಗದವನು,
ಚಾಳೀಸು ಹುಡುಕಿ, ಕೆಮ್ಮಿ, ಓದಿದ:
"ನಲವತ್ತು."
"ಸಿರಿಂಜಿನ ಮ್ಯಾಲ?"
ಬಹಳ ಹೊತ್ತು ಏನೂ ಇಲ್ಲ. ಫ್ಯಾನಿನ ಸದ್ದು.
"ಅಂದ್ರ ನಾ ಇಷ್ಟು ದಿನ ಅರ್ಧ ಟಿಕೀಟು ಹರದೇನಿ."
"ಅರ್ಧಕ್ಕಿಂತ ಕಡಿಮಿ, ಅಪ್ಪ."
"ಈಗ ಪೂರಾ ಏರಿಸಲೇನು?"
"ಬ್ಯಾಡ. ನೀನಾಗಿ ಏನೂ ಏರಿಸಬ್ಯಾಡ.
ಮುಂಜಾನೆ ಎರಡೂ ಹಿಡ್ಕೊಂಡು ಡಾಕ್ಟರ್ ಕಡೆ ಹೋಗು,
ಅವರು ಹೇಳಿದಷ್ಟು."
ಹಿಂದಿನಿಂದ ಅವ್ವ, ಸಣ್ಣ ದನಿಯಲ್ಲಿ:
"ಹಂಗಾರ ಬೆಲ್ಲ?"
"ತಿಂದಿಲ್ಲವ್ವ."
ಆಮೇಲೆ ಅವರಿಬ್ಬರೂ ಮಾತಾಡಲಿಲ್ಲ.
ಇಡಲೂ ಆಗದೆ ನಾನು ಹಿಡಿದೇ ಇದ್ದೆ.

ಮೆಹಜಬೀನ್ ಎದೆಯ ಮೇಲೆ ಪುಸ್ತಕ ಮಗುಚಿ ಮಲಗಿದ್ದಾಳೆ.
ಲಿಂಬೆ ಹದಿನಾರು ತೂತುಗಳಿಂದ ಒಸರಿ
ಪತ್ರಿಕೆಯ ಹಾಳೆಯ ಮೇಲೆ ಒಂದು ಹಳದಿ ನಕಾಶೆ.
ಚೀಲದಿಂದ ಇನ್ನೊಂದು ತೆಗೆದೆ.
ಕೈ ತೊಳೆದೆ.
ಬಾಟಲಿ ಓದಿದೆ, ಸಿರಿಂಜು ಓದಿದೆ,
ಮತ್ತೆ ಬಾಟಲಿ ಓದಿದೆ.
ಸೂಜಿಯ ಟೊಪ್ಪಿಗೆ ತೆಗೆಯುವ ಮೊದಲು
ಈ ರಾತ್ರಿ ಮೊದಲ ಸಲ ಕೇಳಿದೆ,
ಯಾರಿಗೂ ಕೇಳಿಸದ ಹಾಗೆ:
"ನಿಮ್ಮ ಹೆಸರೇನ್ರಿ?"