ಮ್ಯಾಲಿನ ಮನಿಯವರ ಐತ್ವಾರ

ಬಾಡಿಗಿ ಮಾತು ಮುಗದ ಮ್ಯಾಲೆ
ಅಕಿ ಕೇಳಿದ್ದು, ನೀರು ಎಷ್ಟು ದಿನಕ್ಕೊಮ್ಮೆ ಬರ್ತಾವ ಅಂತಲ್ಲ.
ಇಲ್ಲಿಂದ ಗುಡ್ಡ ಎಷ್ಟು ದೂರ, ಅಂತ.

ನನಗೇನು ಗೊತ್ತು ಗುಡ್ಡ?
ಮಾಳಮಡ್ಡಿ ಬಿಟ್ಟು ಸರದಾಕಿ ಅಲ್ಲ ನಾನು.
ಗಡಿಯಾರ ನೋಡದ, ಗಾಡಿ ಸಪ್ಪಳ ಕೇಳಿ
ಹೊತ್ತು ಹೇಳಾಕಿ.

ಅಡಿಸ್ ಅಬಾಬಾದವರು. ಗಿರ್ಮಾ, ಕೃಷಿ ವಿದ್ಯಾಪೀಠದಾಗ
ಜೋಳದ ಬೇರಿನ ಮ್ಯಾಲೆ ಪಿಎಚ್‌ಡಿ.
ಹೆಂಡತಿ ಅಲ್ಮಾಜ್. ಹುಡುಗಿ ಹೀರುತ್, ಒಂಬತ್ತು ತುಂಬ್ಯಾವ.
ಸಣ್ಣಾಂವ ಯೋನಾಸ್,
ಹಲ್ಲಿಗೂ ನಮಸ್ಕಾರ ಹೇಳ್ತಾನ.

ಮಂದಿ ಹೊಸಾ ಊರಿಗಿ ಬಂದ್ರ ಮೊದಲ ಫ್ರಿಜ್ ತಗೋತಾರ.
ಇವರು ಹಳೇ ಸ್ಕೂಟರ್ ತಗೊಂಡ್ರು.
ಐತ್ವಾರ ಹೊತ್ತು ಹುಟ್ಟೂದ್ರಾಗ
ನಾಕು ಮಂದಿ, ಒಂದು ಚಾಪಿ, ಅಂಗೈಯಷ್ಟು ಗ್ಯಾಸ್ ಒಲಿ,
ಕಾಫಿಬೀಜ ಹುರಿಯೂ ತಾಟು.
ಕೆಲಗೇರಿ ಕೆರಿ, ನುಗ್ಗೀಕೇರಿ, ಸೋಮೇಶ್ವರದ ಹಳ್ಳ.
ಸಂಜಿಗಿ ಮೆಟ್ಟಲ ಮ್ಯಾಲೆ ಎಂಟು ಚಪ್ಪಲಿ.
ಕೆಸರು ನೋಡಿ ಊರು ಹೇಳೂದು ಕಲತೆ:
ಕರಿದು ನವಲಗುಂದ ಕಡೀದು,
ಕೆಂಪು ಕಲಘಟಗಿ ಕಡೀದು.

ಒಂದಿನ ರೊಟ್ಟಿ ಕೊಟ್ಟೆ, ಗುರೆಳ್ಳು ಚಟ್ನಿ ಹಚ್ಚಿ.
ಅಲ್ಮಾಜ್ ಒಂದು ತುತ್ತಿಗೇ ನಿಂತಳು.
'ನೂಗ್!' ಅಂದಳು. 'ಇದು ನಮ್ಮದು.'
ಹೌದವಾ ನಮ್ಮದು, ಅಂದೆ ನಾನು.
ಇಬ್ಬರೂ ಸ್ವಲ್ಪ ಹೊತ್ತು ಹಂಗ ಕುಂತಿವಿ,
ನಡುವ ಚಟ್ನಿ ಬಟ್ಟಲಾ.
ಗಿರ್ಮಾ ಹೇಳಿದ: ಆ ಕಾಳು ಹುಟ್ಟಿದ್ದು
ಅವರ ದೇಶದ ಎತ್ತರದ ನೆಲದಾಗಂತ.
ಯಾರು ತಂದ್ರೋ, ಯಾವ ಹಡಗದಾಗೋ,
ಪಾಸು ಇತ್ತೋ ಇಲ್ಲೋ ಅದಕ್ಕ.

ನಮ್ಮನ್ಯಾಗ ಪಾಸು ಇದ್ದುವು.
ನಮ್ಮವರು ಹುಬ್ಬಳ್ಳಿ ವರ್ಕ್‌ಶಾಪಿನಾಗ ಫಿಟ್ಟರ್,
ವರ್ಷಕ್ಕ ಮೂರು ಪಾಸು, ಇಡೀ ದೇಶ.
ಆಕಳಾ ಈಯೂದಿತ್ತು. ಅತ್ತೀಗಿ ಮೈಯಾಗ ಆರಾಮಿರಲಿಲ್ಲ.
ಅವರೂ ಅನ್ನೋರು,
ದಿನಾ ಗಾಡಿ ಹೊಟ್ಟ್ಯಾಗ ಕೈ ಹಾಕಿ ಬಂದು
ಮತ್ತ ಅದರಾಗ ಕುಂದ್ರೂದೇನ?
ವಾಸ್ಕೋ ಗಾಡಿ ಮಾತ್ರ ದಿನಾ
ನನ್ನ ಕಿಡಕಿ ಮುಂದ ಹಾಯ್ದು ಹೋಗೂದು,
ಹಪ್ಪಳಾ ಒಣಗಸೂ ಹೊತ್ತಿಗಿ.

ಅವರ ಅಡಗಿ ಮನಿ ಗ್ವಾಡಿಗಿ ಒಂದು ಹಾಳಿ.
ಹೀರುತ್ ಸಾಲ್ಯಾಗ ಕಲತ ಕನ್ನಡ, ಅಡ್ಡಾತಿಡ್ಡಾ:
ಬಾದಾಮಿ ಕಲ್ಲು. ಜೋಗದ ನಿರು.
ಹಿಮ, ಎಲ್ಲಿ ಆದರು.
ಸಮುದ್ರ, ಅದರ ಕೆಳಗ ಮೂರು ಗೆರಿ.
ನಿಮಗ ಸಮುದ್ರ ಇಲ್ಲೇನು? ಅಂದೆ.
'ಇತ್ತು, ಹೋತು,' ಅಂದ ಗಿರ್ಮಾ,
ಮನ್ಯಾಗಿನ ತಂಬಿಗಿ ಕಳದಂಗ.

ಜನವರಿಯಾಗ ಮೌಲಾಲಿಯ ಓಮ್ನಿ ಮಾಡಿ
ನನ್ನನ್ನೂ ಕುಂಡ್ರಿಸಿಕೊಂಡು ಹೋದ್ರು, ಮಾಗಡಿ ಕೆರಿಗಿ,
ಗದಗಿನ ಆಚಿ.
ಕೆರಿ ತುಂಬ ಬಾತು, ಬಿಳೀ ತಲಿಗಿ ಎರಡು ಕರೀ ಪಟ್ಟಿ,
ವಿಭೂತಿ ತಿರುವು ಮುರುವು ಹಚ್ಚಿದಂಗ.
ಹಿಮಾಲಯ ದಾಟಿ ಬರ್ತಾವಂತ.
ಬದುವಿನ ಮ್ಯಾಲಿದ್ದ ಒಕ್ಕಲಿಗ ಉಗಳಿ ಅಂದ:
'ಅಷ್ಟು ದೂರದಿಂದ ಬರೂದು ನನ್ನ ಕಡ್ಲಿ ತಿನ್ನಾಕ್ರಿ!'
ಯೋನಾಸ್ ಒಂದೊಂದಕ್ಕೂ ನಮಸ್ಕಾರ ಹೇಳಾಕ ಹತ್ತಿ
ಐವತ್ತರ ಮ್ಯಾಲೆ ದಣದ.
ನನ್ನ ಚಪ್ಪಲಿ ಉಂಗುಟಾ ಹರೀತು.
ಬರಿಗಾಲಿಲೆ ಏರಿ ಮ್ಯಾಲೆ ನಡದೆ,
ಎಪ್ಪತ್ತೊಂದನೇ ವಯಸ್ಸಿಗಿ ಅಂಗಾಲಾಗ
ಹೊಸಾ ಊರಿನ ಮಣ್ಣು.

ಮರುದಿನ ಸಕ್ಕರಿ ಕೇಳಾಕ ಮ್ಯಾಲೆ ಹೋದಾಗ ನೋಡಿದೆ.
ಸಮುದ್ರದ ಮುಂದ, ಬ್ಯಾರೆ ಬಣ್ಣದ ಪೆನ್ನಿಲೆ,
'ಅಜ್ಜಿ ಸುದ.'
'ಸುದ್ದಾ' ಅಂತ ತಿದ್ದಬೇಕು ಅಂದುಕೊಂಡೆ.
ತಿದ್ದಲಿಲ್ಲ. ಸಕ್ಕರೀನೂ ಮರತು ಇಳದು ಬಂದೆ.

ಹುಬ್ಬಳ್ಳಿ ಆಫೀಸಿನಾಗ ಪಾಳಿ ಹಚ್ಚಿದೆ.
ಗಂಡ ಸತ್ತವರಿಗೂ ಒಂದು ಪಾಸು ಐತೆಂತ,
ಹನ್ನೊಂದು ವರ್ಷ ನಾನು ಕೇಳಿರಲೇ ಇಲ್ಲ.
ಎಲ್ಲಿಂದ? ಧಾರವಾಡ.
ಎಲ್ಲಿಗೆ? ವಾಸ್ಕೋ.
ಯಾಕ ಅಂತ ಬರಿಯಾಕ ಜಾಗಾ ಹುಡುಕಿದೆ,
ಹಾಳಿ ಹೊಳ್ಳಿಸಿ ಹಿಂದನೂ ನೋಡಿದೆ.
ಇರಲಿಲ್ಲ.
ಚಲೋ ಆತು.