ಉತ್ತಮ ಪುರುಷ

ಈ ಕೆಲಸಕ್ಕೆ ಒಂದೇ ನಿಯಮ:
ಮಾತಾಡುವವನು ‘ನಾನು’ ಎಂದರೆ
ನಾನೂ ‘ನಾನು’ ಎನ್ನಬೇಕು.
‘ಅವರು ಹೇಳುತ್ತಿದ್ದಾರೆ’ ಎನ್ನುವಂತಿಲ್ಲ.

ಜಿನೀವಾ. ಮೂರನೇ ಮಹಡಿಯ ಗಾಜಿನ ಗೂಡು.
ಕಿವಿಯಲ್ಲಿ ಫ್ರೆಂಚ್, ಬಾಯಲ್ಲಿ ಅರಬ್ಬಿ,
ಪಕ್ಕದಲ್ಲಿ ಬೂಲೋಸ್, ಅವನ ಪುದೀನದ ಮಿಠಾಯಿ.
ಅರ್ಧ ಗಂಟೆ ಅವನು, ಅರ್ಧ ಗಂಟೆ ನಾನು.
ಕೆಳಗೆ ಉದ್ದ ಮೇಜಿನ ಸುತ್ತ
ಬೆಳಗಿನಿಂದ ಒಂದು ಪದವನ್ನು ಅಳೆಯುತ್ತಿದ್ದಾರೆ.

ಶುದ್ಧೀಕರಣ ಎನ್ನಲು ಉದ್ದೇಶ ಬೇಕು, ಎಂದರು ಒಬ್ಬರು.
ಉದ್ದೇಶಕ್ಕೆ ಕಾಗದ ಬೇಕು.
ಕಾಗದವಿದ್ದರೆ ಅದರ ಕೆಳಗೆ ಸಹಿ ಬೇಕು.
ಕಾನೂನಿನಲ್ಲಿ ಇದಕ್ಕೆ ಪ್ರತ್ಯೇಕ ಕಲಮೇ ಇಲ್ಲವಲ್ಲ,
‘ಸ್ಥಳಾಂತರ’ ಎಂದರೆ ಸಾಲದೇ?
‘ಬಲವಂತದ’ ಎಂಬ ವಿಶೇಷಣ
ಸದ್ಯ ಕಂಸದಲ್ಲಿರಲಿ, ಊಟವಾದ ಮೇಲೆ ನೋಡೋಣ.

ಎಲ್ಲವನ್ನೂ ಹೇಳಿದೆ. ಚೆನ್ನಾಗಿಯೇ ಹೇಳಿದೆ.

ನಮ್ಮಲ್ಲಿ ಆ ಪದ ತತ್‌ಹೀರ್.
ನಮಾಜಿಗೆ ಮುನ್ನ ಮೊಣಕೈವರೆಗೆ ತೊಳೆಯುವುದು,
ಸುನ್ನತಿಯಾದ ಹುಡುಗನ ಕೈಗೆ ನಾಣ್ಯವಿಟ್ಟು ನಗಿಸುವುದು,
ಹೆಣದ ಬೆರಳ ಸಂದಿಗೆ ಕರ್ಪೂರದ ನೀರು ಬಿಡುವುದು,
ಎಲ್ಲಕ್ಕೂ ಒಂದೇ ಧಾತು.
ಯಾರೋ ನೆಲವನ್ನು ಶುದ್ಧ ಮಾಡಿದರು ಎಂದೊಡನೆ
ಕೊಳೆ ಯಾರು ಎಂಬುದನ್ನು
ಪದವೇ ಹೇಳಿಬಿಟ್ಟಿರುತ್ತದೆ. ಇದನ್ನು
ಮೇಜಿನ ಸುತ್ತ ಯಾರೂ ಕೇಳಲಿಲ್ಲ.
ಕೇಳದ್ದನ್ನು ಹೇಳುವುದು ನನ್ನ ಕೆಲಸವಲ್ಲ.

ಅಜ್ಜಿ ಸುಬ್ಹಿಯ್ಯ ಊರು ಬಿಡುವ ಬೆಳಿಗ್ಗೆ
ಅಂಗಳ ಗುಡಿಸಿದಳು.
(ಊರಿನ ಹೆಸರು ಬೇಡ. ಹೇಳಿದರೆ ಕಾಗುಣಿತ ಕೇಳುತ್ತಾರೆ,
ಆಮೇಲೆ ನಕ್ಷೆ ಕೇಳುತ್ತಾರೆ.)
ಜುಲೈ ಬಿಸಿಲು. ರೊಟ್ಟಿಯ ಗೂಡಿನಲ್ಲಿ ಇನ್ನೂ ಕೆಂಡ.
ದೂರದಲ್ಲಿ ಲೌಡ್‌ಸ್ಪೀಕರ್, ಅದಕ್ಕೂ ದೂರದಲ್ಲಿ ಹೊಗೆ.
ಕತ್ತೆಯ ಮೇಲೆ ಹಾಸಿಗೆ ಬಿಗಿಯುತ್ತ ಅಜ್ಜ ಬೈದನಂತೆ:
ಯಾರಿಗಾಗಿ ಗುಡಿಸುತ್ತೀಯೆ?
ಅವಳು ಮೂಲೆಯ ಕೋಳಿಹಿಕ್ಕೆಯನ್ನೂ ಬಿಡದೆ ಬಳಿದು,
ಪೊರಕೆಯನ್ನು ತಲೆಕೆಳಗಾಗಿ ಗೋಡೆಗೆ ಒರಗಿಸಿ,
ಹತ್ತು ದಿನಕ್ಕಾಗುವಷ್ಟು ಹಿಟ್ಟು ಕಟ್ಟಿಕೊಂಡಳು.
ಬಾಗಿಲು ಹಾಕಿದ್ದಳೋ ಇಲ್ಲವೋ ನೆನಪಿರಲಿಲ್ಲ.
ಗುಡಿಸಿದ್ದು ನೆನಪಿತ್ತು.

ಕವಲುದಾರಿಯಲ್ಲಿ ಅವಳ ತಂಗಿ
ಗಾಡಿ ಅತ್ತ ತಿರುಗಿತೆಂದು ದಕ್ಷಿಣಕ್ಕೆ ಹೋದಳು.
ಒಂದು ಮನೆ ಎರಡು ದೇಶವಾಯಿತು ಅಷ್ಟಕ್ಕೇ.

ಝರ್ಕಾದ ಶಿಬಿರದಲ್ಲಿ, ಸಾಯುವ ವರ್ಷವೂ
ಅಜ್ಜಿ ಕೇಳುತ್ತಿದ್ದಳು:
ಒಳಗೆ ಬಂದವರಿಗೆ ಅನ್ನಿಸಿರಬೇಕಲ್ಲ,
ಈ ಹೆಂಗಸು ಚೊಕ್ಕಟವಾಗಿದ್ದಳು ಅಂತ?

ಆ ತಂಗಿಯ ಮೊಮ್ಮಗಳು ನಿಬಾಲ್
ನಿನ್ನೆ ರಾತ್ರಿ ಖಾನ್ ಯೂನಿಸ್‌ನಿಂದ ಬರೆದಳು:
ನಕ್ಷೆಯಲ್ಲಿ ನಮ್ಮ ಚೌಕದ ನಂಬರ್ ಬಂದಿದೆ.
ಇದು ಹನ್ನೊಂದನೆಯದು.
ಡೇರೆ ಕೀಳುವ ಮುನ್ನ ಒಳಗಿನ ಮರಳನ್ನು
ರಟ್ಟಿನ ತುಂಡಿನಿಂದ ಗುಡಿಸುತ್ತಿದ್ದೇನೆ. ನಗಬೇಡ.

ನಕ್ಕೆ. ಉತ್ತರ ಹೋಯಿತು, ಒಂದೇ ಗೀಟು.
ಎರಡನೆಯದು ಈ ಗಳಿಗೆಯವರೆಗೂ ಬಿದ್ದಿಲ್ಲ.

ಊಟವಾದ ಮೇಲೆ ನನ್ನ ಸರದಿ.
ಬೂದು ಕೋಟಿನವರು ಮೈಕ್ ಒತ್ತಿದರು, ಸೌಮ್ಯ ದನಿ,
ಮಕ್ಕಳಿರುವ ಮನುಷ್ಯನ ದನಿ:
ನಾನು ಪ್ರಾಮಾಣಿಕವಾಗಿ ನಂಬುತ್ತೇನೆ,
ಅವರು ತಾವಾಗಿಯೇ ಮನೆಗಳನ್ನು ಬಿಟ್ಟು ಹೋದರು.

ನಾನು, ಎಂದೆ.
ಪ್ರಾಮಾಣಿಕವಾಗಿ, ಎಂದೆ.
ನಂಬುತ್ತೇನೆ, ಎಂದೆ.

ಬಿಟ್ಟು ಹೋದರು: ತರಕೂ.
ಅಜ್ಜಿಯ ಊರಿನವರಿಗೆ ‘ಕ’ ತಿರುಗುವುದಿಲ್ಲ,
‘ಕ’ ಇದ್ದಲ್ಲೆಲ್ಲ ‘ಚ’.
ಶಾಲೆಯಲ್ಲಿ ಬೆರಳ ಗೆಣ್ಣಿಗೆ ಹೊಡೆದು ತಿದ್ದಿದ್ದರು,
ಇಪ್ಪತ್ತೆರಡು ವರ್ಷ ಈ ಗೂಡಿನಲ್ಲಿ ಒಮ್ಮೆಯೂ ತಪ್ಪಿಲ್ಲ.

ತರಚೂ, ಎಂದಿತು ನಾಲಿಗೆ.

ಬೂಲೋಸ್ ಮಿಠಾಯಿ ಬಿಚ್ಚುವುದನ್ನು ನಿಲ್ಲಿಸಿದ.
ಕೆಳಗೆ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ತೂಕಡಿಸುತ್ತಿದ್ದ
ಯಾವುದೋ ನಿಯೋಗದ ಮುದುಕ ತಟ್ಟನೆ ತಲೆಯೆತ್ತಿ
ಗಾಜಿನ ಸಾಲುಗಳಲ್ಲಿ ಹುಡುಕತೊಡಗಿದ,
ಈ ಗೂಡು, ಆ ಗೂಡು,
ಯಾರ ಮಗಳು, ಯಾರ ಮಗಳು ಎಂಬಂತೆ.

ನಿಯಮದ ಪ್ರಕಾರ ತಿದ್ದಿಕೊಂಡೆ.
ಮುಂದಿನ ವಾಕ್ಯ ಆಗಲೇ ಶುರುವಾಗಿತ್ತು.
ಅವನಿನ್ನೂ ಹುಡುಕುತ್ತಿದ್ದ.