ಗಸಗಸೆ

ಮೊದಲು ಗಸಗಸೆ ಎಂದೇ ಅಂದುಕೊಂಡಿದ್ದು.
ರಾತ್ರಿ ಪಾಳಿ ಮುಗಿಸಿ ಬಂದು
ಗಾಜಿನ ಪೆಟ್ಟಿಗೆಯ ಪಕ್ಕ ನಿಂತೇ
ಬನ್ನು ತಿಂದಿದ್ದೆನಲ್ಲ,
ಉದುರಿರಬೇಕು ನಾಲ್ಕು ಕಾಳು
ಹಾವಿನ ನೀರಿನ ಬಟ್ಟಲಿಗೆ.

ಮರುದಿನವೂ ಇದ್ದವು. ಅವತ್ತು ಬನ್ನು ತಿಂದಿರಲಿಲ್ಲ.
ಮೂರು ದಿನದಿಂದ ಅದು ಬಟ್ಟಲಲ್ಲೇ ಸುರುಳಿ ಸುತ್ತಿ,
ಮೂಗಿನ ತುದಿಯಷ್ಟೇ ಹೊರಗಿಟ್ಟು,
ಬಾಡಿಗೆ ಕೇಳಲು ಬಂದವರು ಹೋಗಲೆಂದು
ಉಸಿರು ಬಿಗಿಹಿಡಿದವನಂತೆ.
ನೋಡುತ್ತಿದ್ದಂತೆ
ಒಂದು ಕಾಳು ಎದ್ದು ನಡೆಯಿತು.

ನುಸಿ, ಅಂದರು ಡಾಕ್ಟರ್ ಹಾಯ್ನಾಲ್ಕಾ ಫೋನಿನಲ್ಲಿ,
ಏನನ್ನೋ ಅಗಿಯುತ್ತ.
ಹೊಸದಾಗಿ ಏನಾದರೂ ಒಳಗಿಟ್ಟಿರಾ?
ಇಲ್ಲ, ಅಂದೆ.

ಇಟ್ಟಿದ್ದೆ. ಭಾನುವಾರದ ಹಳೆಸಾಮಾನು ಸಂತೆಯಲ್ಲಿ
ಯಾರದೋ ಸತ್ತ ಹಲ್ಲಿಯ ಪೆಟ್ಟಿಗೆಯಿಂದ ತೆಗೆದ
ಬಾಗಿದ ಕೊಂಬೆ, ಮುನ್ನೂರು ಫೋರಿಂಟ್‌ಗೆ.
ಮಗಳಿಗೆ ಖುಷಿಯಾಗಲಿ ಎಂದು.

ವಿಲ್ಲೊ ಎರಡು ವಾರಕ್ಕೊಮ್ಮೆ ಬರುತ್ತಾಳೆ.
ಅವಳಮ್ಮನ ಮನೆಯಲ್ಲಿ ಬೆಕ್ಕಿಗೆ ಜಾಗವುಂಟು, ಹಾವಿಗಿಲ್ಲ.
ನ್ಯಾಕ್ಕೆಂದೊ ಎಂದು ಹೆಸರಿಟ್ಟವಳೂ ಅವಳೇ,
ಟೈಗೆ ನಾವು ಹಾಗನ್ನುತ್ತೇವೆ;
ಅಪ್ಪನ ಕೊರಳಿಗೆ ಒಂದೂ ಬೀಳಲಿಲ್ಲವಲ್ಲ ಎಂದು ನಕ್ಕು.
ಎರಡು ವರ್ಷ ಒಂದೇ ಸೂರಿನಡಿ ಇದ್ದೂ
ನಾನದನ್ನು ಮುಟ್ಟಿದವನಲ್ಲ.
ಸತ್ತಿಲಿಯನ್ನು ಇಕ್ಕಳದಲ್ಲಿ ಒಳಗಿಟ್ಟು
ಚಿಲಕವನ್ನು ಎರಡು ಸಲ ಎಳೆದು ನೋಡುವವನು.
ಮಿಶ್ಕೋಲ್ಟ್ಸ್‌ನ ಟ್ರಾಮುಗಳ ಹೊಟ್ಟೆಯಡಿ
ಇಪ್ಪತ್ತು ವರ್ಷ ಮಲಗಿದ್ದೇನೆ,
ಆರುನೂರು ವೋಲ್ಟಿಗೆ ಹೆದರಿದವನಲ್ಲ.
ಹೆದರಿಕೆ
ಎರಡು ಮೊಳದ ಈ ಕಿತ್ತಳೆ ಹಾವಿಗೆ.

ಬುಧವಾರ. ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು.
ಎರಡು ಜೊತೆ ಕೈಗವಸು ಹಾಕಿಕೊಂಡೆ.
ಆಮೇಲೆ ಒಂದು ಜೊತೆ ತೆಗೆದೆ.
ಆಮೇಲೆ ಇನ್ನೊಂದನ್ನೂ,
ಹುರುಪೆಯಡಿಯ ಚುಕ್ಕೆ
ರಬ್ಬರಿನ ಬೆರಳಿಗೆ ಸಿಗಲೊಲ್ಲದು.

ಅಂಟಂಟಾಗಿ ಇರುತ್ತದೆ ಅಂದುಕೊಂಡಿದ್ದೆ.
ಇಸ್ತ್ರಿ ಮಾಡಿಟ್ಟ ಕಾಲರಿನ ಹಾಗಿತ್ತು.
ಗದ್ದದಡಿಯ ಮಡಿಕೆಯಲ್ಲಿ ಹನ್ನೊಂದು.
ಕಣ್ಣಂಚಿನಲ್ಲಿ ಕಾಡಿಗೆ ತೀಡಿದಂತೆ ಸಾಲಾಗಿ.
ಮುಚ್ಚಿಕೊಳ್ಳಲು ರೆಪ್ಪೆಯಿಲ್ಲ ಅದಕ್ಕೆ,
ಕೆರೆದುಕೊಳ್ಳಲು ಕೈಯಿಲ್ಲ.
ಇಷ್ಟು ದಿನ ಇದು
ಸುಮ್ಮನೆ ಮಲಗಿದೆ ಎಂದುಕೊಂಡಿದ್ದೆನಲ್ಲ.

ಆ ರಾತ್ರಿ ಅದರ ಪಾಲಿನದನ್ನೂ ನಾನೇ ಕೆರೆದುಕೊಂಡೆ:
ಕಿವಿಯ ಹಿಂದೆ, ಮೊಣಕಾಲ ಸಂದಿ, ಬೆಲ್ಟಿನಡಿ.
ಮನುಷ್ಯರ ಮೇಲೆ ಇವು ನಿಲ್ಲುವುದಿಲ್ಲವಂತೆ.
ಚರ್ಮಕ್ಕೆ ಹೇಳಿ ನೋಡಿ.

ಕಣ್ಣಿಗೆ ಕಿವಿಕಡ್ಡಿಯಲ್ಲಿ ಆಲಿವ್ ಎಣ್ಣೆಯ ಹನಿ.
ಗಾಜಿನ ಸಂದುಗೊಂದಿಗೆ ಹಲ್ಲುಜ್ಜುವ ಬ್ರಷ್ಷು.
ಮರದ ಪುಡಿಯನ್ನೆಲ್ಲ ಚೀಲಕ್ಕೆ ಕಟ್ಟಿ
ಒಂಬತ್ತು ಮಹಡಿ ಇಳಿಸಿ, ಹತ್ತಿ ಬಂದು
ಬಿಳಿ ಕಾಗದ ಹಾಸಿದೆ.
ಹಾವು ಸಾಯಬಾರದು.
ಕೋಲು ಮುರಿಯಲೇಬೇಕಿತ್ತು.
ಮುರಿಯಲಿಲ್ಲ, ಗರಗಸ ತಂದೆ.

ಶುಕ್ರವಾರ ವಿಲ್ಲೊ ಬಂದಳು, ಕಾಗದ ನೋಡಿದಳು,
ಕೊಂಬೆಯಿಲ್ಲದ ಜಾಗ ನೋಡಿದಳು.
ಅದರಿಂದ ಬಂತಾ?
ನಾನು ಚಹಾಕ್ಕೆ ನೀರಿಟ್ಟೆ.
ಮೊಟ್ಟೆ ಉಳಿದಿರ್ತಾವೆ, ಅಂದಳು,
ಅವಳಮ್ಮ ಸಾಮಾನು ಕಟ್ಟುವಾಗಿನ ದನಿಯಲ್ಲಿ,
ಎಣಿಕೆ ಸೊನ್ನೆ ಆಗೋ ತನಕ ಬುಧವಾರಾನೂ ಬರ್ತೀನಿ.
ನನ್ನ ಬರಿಗೈಯಲ್ಲಿ ಹಾವು.
ಅದರ ಬಗ್ಗೆ ಏನೂ ಅನ್ನಲಿಲ್ಲ.
ಹೆಬ್ಬೆರಳನ್ನಷ್ಟೇ ಮೆಲ್ಲಗೆ ಸರಿಸಿದಳು,
ಬಿಗಿಹಿಡೀಬೇಡ, ಕೈ ಬದಲಾಯಿಸ್ತಾ ಇರು.

ಡಿಪೋದ ಗ್ರೀಸು ಮೆತ್ತಿದ ಪುಸ್ತಕದಲ್ಲಿ ಬರೆಯುತ್ತ ಹೋದೆವು:
ನಲವತ್ತೆರಡು. ಹದಿನೇಳು. ಆರು.
ಹತ್ತೊಂಬತ್ತು, ಮೊಟ್ಟೆಯೊಡೆದ ವಾರ.
ಮೂರು.

ಏಪ್ರಿಲ್. ಗುರುವಾರ ಬೆಳಗಿನ ಜಾವ.
ಬುಧವಾರ ಬಂದವಳು ಸೋಫಾದ ಮೇಲೆ ನಿದ್ದೆಯಲ್ಲಿ,
ತಟ್ಟೆಯಲ್ಲಿ ಅವಳು ಕಚ್ಚಿಬಿಟ್ಟ ಬನ್ನು.
ಬಿಳಿ ಕಾಗದದ ಮೇಲೆ ಒಂದೇ ಒಂದು ಚುಕ್ಕೆ.
ದೀಪ ಹಚ್ಚಿ ಕುಳಿತೆ, ನಡೆಯುತ್ತದೇನೋ ಎಂದು.
ಕೆಳಗೆ ಮೊದಲ ಟ್ರಾಮು ಹೋಯಿತು.
ಎರಡನೆಯದರ ಬ್ರೇಕು ಕಿರುಗುಟ್ಟುತ್ತಿದೆ, ನೋಡಬೇಕು.
ಚುಕ್ಕೆ ಕದಲಲಿಲ್ಲ.
ಉಗುರಲ್ಲಿ ಅದುಮಿದೆ. ಚಿಟ್ ಎಂದಿತು.
ರಕ್ತವಿಲ್ಲ, ಎಣ್ಣೆಯ ಪಸೆಯಷ್ಟೇ.

ಪುಸ್ತಕ ತೆರೆದು ಬರೆದೆ:
ಒಂದು.